ಮೇಷ್ಟ್ರಿಗೆ ಪುರುಸೊತ್ತು ಸಿಕ್ಕರೆ ತಾನೆ ಮಕ್ಕಳ ಜೊತೆ ಮಾತು?

ಪ್ರತಿ ವರ್ಷ ಶಿಕ್ಷಕರ ವರ್ಗಾವಣೆ ನಡೆಯುವಾಗ ಒಂದೇ ಥರದ ವಿಡಿಯೋಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ಯಾವುದೋ ಹಳ್ಳಿ ಶಾಲೆ. ಮೇಷ್ಟ್ರು ಕೊರಳಿಗೆ ಹಾರ ಹಾಕಿಸಿಕೊಂಡು ನಿಂತಿರುತ್ತಾರೆ. ಸುತ್ತ ಮಕ್ಕಳು ಬಿಕ್ಕಿ ಬಿಕ್ಕಿ ಅಳುತ್ತಿರುತ್ತಾರೆ. 2018ರಲ್ಲಿ ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಮಕ್ಕಳು ಇಂಗ್ಲಿಷ್ ಮೇಷ್ಟ್ರನ್ನು ಗೇಟು ದಾಟಲು ಬಿಡದೆ ತಬ್ಬಿ ಹಿಡಿದಿದ್ದರು. ಅದು ದೇಶಕ್ಕೆಲ್ಲ ಸುದ್ದಿಯಾಯಿತು. ಇಲಾಖೆಯವರು ವರ್ಗಾವಣೆಯನ್ನೇ ಕೆಲವು ದಿನ ಮುಂದಕ್ಕೆ ಹಾಕಿದರು.

ನಾವು ನೋಡುತ್ತೇವೆ. 'ಇಂಥ ಗುರುಗಳು ಎಲ್ಲ ಶಾಲೆಗೂ ಸಿಗಲಿ' ಎಂದು ಬರೆದು ನಾಲ್ಕು ಜನಕ್ಕೆ ಕಳಿಸುತ್ತೇವೆ. ಆ ಮೇಷ್ಟ್ರು ಮಕ್ಕಳ ಜೊತೆ ಅಂಥದ್ದೇನು ಮಾಡಿದರು, ಆ ಶಾಲೆಯಲ್ಲಿ ಎಷ್ಟು ವರ್ಷ ಇದ್ದರು, ಅವರ ಜಾಗಕ್ಕೆ ಯಾರು ಬಂದರು, ಯಾರಾದರೂ ಬಂದರಾ? ಇದನ್ನು ಕೇಳುವವರು ಕಡಿಮೆ.

ಶಿಕ್ಷಕರು ಮತ್ತು ಮಕ್ಕಳ ನಡುವಿನ ಸಂಬಂಧವನ್ನು ನಾವು ಪೂರ್ತಿಯಾಗಿ ಒಳ್ಳೆಯ ಮನಸ್ಸಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದೇವೆ. ಮನಸ್ಸು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಎಂಥ ಒಳ್ಳೆ ಮನಸ್ಸಿನ ಮೇಷ್ಟ್ರಿಗೂ ಮೊದಲು ಪುರುಸೊತ್ತು ಬೇಕು. ಅದೇ ಮಕ್ಕಳ ಜೊತೆ ಕೆಲವು ವರ್ಷ ಇರಲು ಬಿಡಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಇವತ್ತು ಸಿಗದೆ ಇರುವುದು ಇವೆರಡೇ.

ತಡವಾಗಿ ಬಂದ ಹುಡುಗ

ಬೆಳಿಗ್ಗೆ ಹತ್ತೂವರೆ. ಪ್ರಾರ್ಥನೆ ಮುಗಿದು ಮೊದಲ ಪಿರಿಯಡ್ ಶುರುವಾಗಿದೆ. ಆರನೇ ಕ್ಲಾಸಿನ ಹುಡುಗ ಬಾಗಿಲಲ್ಲಿ ನಿಂತು 'ಮೇ ಐ ಕಮಿನ್ ಸಾರ್' ಅನ್ನುತ್ತಾನೆ. ಈ ವಾರದಲ್ಲಿ ಇದು ಮೂರನೇ ಸಲ.

ಒಬ್ಬ ಮೇಷ್ಟ್ರು ಹೀಗೆ ಅನ್ನಬಹುದು: 'ಓಹೋ, ಬಂದ್ರಾ ಸಾಹೇಬ್ರು? ಹಾರ ತರಿಸ್ಲಾ?' ಕ್ಲಾಸೆಲ್ಲ ನಗುತ್ತದೆ. ಹುಡುಗನೂ ಹಲ್ಲು ಕಿರಿಯುತ್ತಾನೆ. ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಆ ದಿನ ಅವನನ್ನು ಏನು ಕೇಳಿದರೂ ಬಾಯಿ ಬಿಡುವುದಿಲ್ಲ.

ಇನ್ನೊಬ್ಬರು ತಲೆ ಎತ್ತಿ ನೋಡಿ, 'ಬಾ, ಕೂತ್ಕೋ, ಮೂವತ್ತೆರಡನೇ ಪುಟ' ಎಂದು ಪಾಠ ಮುಂದುವರಿಸುತ್ತಾರೆ. ಮಧ್ಯಾಹ್ನ ಮಕ್ಕಳು ತಟ್ಟೆ ತೊಳೆದುಕೊಂಡು ಊಟಕ್ಕೆ ಸಾಲು ನಿಂತಾಗ ಪಕ್ಕಕ್ಕೆ ಕರೆಯುತ್ತಾರೆ. 'ಏನೋ ತಮ್ಮಾ, ಈ ವಾರ ದಿನಾ ಲೇಟು? ಮನೇಲಿ ಏನಾದ್ರೂ ಕೆಲಸ ಬಿತ್ತಾ?' ಹುಡುಗ ನೆಲ ನೋಡುತ್ತಾ ಹೇಳುತ್ತಾನೆ: 'ಅಮ್ಮ ಗಾರ್ಮೆಂಟ್ಸಿಗೆ ಸೇರ್ಕೊಂಡ್ಳು ಸಾ. ಏಳಕ್ಕೇ ವ್ಯಾನ್ ಬರ್ತದೆ. ತಂಗೀನ ಅಂಗನವಾಡಿಗೆ ಬಿಟ್ಟು ಬರ್ಬೇಕು. ಅವ್ರು ಬಾಗ್ಲು ತೆಗೆಯೋದೇ ಲೇಟು.' ಅಂಗನವಾಡಿ ಇರುವುದು ಶಾಲೆಯಿಂದ ಎರಡು ಬೀದಿ ಆಚೆ. ಮೇಷ್ಟ್ರು ಸಂಜೆ ಹೋಗಿ ಅಲ್ಲಿನ ಟೀಚರಮ್ಮನ ಹತ್ತಿರ ಮಾತಾಡುತ್ತಾರೆ. ಹುಡುಗ ಮರುದಿನದಿಂದ ಹತ್ತು ನಿಮಿಷ ಮಾತ್ರ ತಡ. ಅಷ್ಟಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಎರಡನೇ ಮೇಷ್ಟ್ರು ಸಡಿಲ ಬಿಟ್ಟರು ಎಂದು ಹೇಳಲಾಗದು. ಬಂದ ಕೂಡಲೇ ಪುಸ್ತಕ ತೆಗೆಸಿದರು, ತಡವಾದದ್ದನ್ನು ವಿಚಾರಿಸಿದರು. ಆದರೆ ವಿಚಾರಿಸಿದ್ದು ನಲವತ್ತು ಜನರ ಮುಂದೆ ಅಲ್ಲ. ಕೇಳಿದ ರೀತಿಯಲ್ಲಿ 'ನೀನು ಸುಳ್ಳ' ಎನ್ನುವ ಅನುಮಾನವೂ ಇರಲಿಲ್ಲ. ಇದಕ್ಕೆ ಬೇಕಾದದ್ದು ಎರಡು ನಿಮಿಷ, ಮತ್ತೆ ಸಂಜೆ ಹೋಗಿಬರಲು ಕಾಲು ಗಂಟೆ.

ಇದು ಬರೀ ಒಳ್ಳೆಯತನದ ಕತೆ ಅಲ್ಲ. ಅಮೆರಿಕದ ಬ್ರಿಜೆಟ್ ಹ್ಯಾಮ್ರಿ ಮತ್ತು ರಾಬರ್ಟ್ ಪಿಯಾಂಟಾ 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 179 ಮಕ್ಕಳನ್ನು ಶಿಶುವಿಹಾರದ ವಯಸ್ಸಿನಿಂದ ಎಂಟನೇ ಕ್ಲಾಸಿನವರೆಗೆ ಹಿಂಬಾಲಿಸಿದ ಅಧ್ಯಯನ ಅದು. ಮೊದಲ ಟೀಚರ್ ಜೊತೆ ಜಗಳ, ಕಿರಿಕಿರಿಯ ಸಂಬಂಧ ಇದ್ದ ಮಕ್ಕಳು ಎಂಟನೇ ಕ್ಲಾಸಿಗೆ ಬಂದರೂ ಓದಿನಲ್ಲಿ, ನಡವಳಿಕೆಯಲ್ಲಿ ಹಿಂದೆ ಉಳಿಯುವ ಸಾಧ್ಯತೆ ಜಾಸ್ತಿ ಎಂದು ಕಂಡುಬಂತು. ತಂಟೆ ಮಾಡುವ ಮಕ್ಕಳ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣುತ್ತಿತ್ತು. ಅಂದರೆ, ಯಾರನ್ನು ಕಂಡರೆ ಮೇಷ್ಟ್ರಿಗೆ ತಲೆನೋವೋ ಅವರಿಗೇ ಈ ಸಂಬಂಧ ಹೆಚ್ಚು ಬೇಕು.

2016ರಲ್ಲಿ ಕ್ಯಾಲಿಫೋರ್ನಿಯಾದ ಐದು ಶಾಲೆಗಳಲ್ಲಿ ನಡೆದ ಪ್ರಯೋಗ ಇನ್ನೂ ಮಜವಾಗಿದೆ. ಒಂದಷ್ಟು ಗಣಿತ ಶಿಕ್ಷಕರಿಗೆ ಸಣ್ಣ ಆನ್‌ಲೈನ್ ಅಭ್ಯಾಸ ಕೊಟ್ಟರು. ಮಗು ತಪ್ಪು ಮಾಡಿದಾಗ ಯಾಕೆ ಮಾಡಿತು ಎಂದು ಅದರ ಕಡೆಯಿಂದ ಯೋಚಿಸಿ, ಗೌರವ ಕಳೆಯದಂತೆ ತಿದ್ದುವುದು ಹೇಗೆ ಎಂದು ಅವರಿಂದಲೇ ಬರೆಸಿದರು. ಒಟ್ಟು ಒಂದು ಗಂಟೆ ಚಿಲ್ಲರೆಯ ಕೆಲಸ. ಆ ವರ್ಷ ಇತರ ಶಿಕ್ಷಕರ ವಿದ್ಯಾರ್ಥಿಗಳಲ್ಲಿ ಶೇ 9.6ರಷ್ಟು ಮಂದಿ ಒಮ್ಮೆಯಾದರೂ ಸಸ್ಪೆಂಡ್ ಆಗಿದ್ದರೆ, ಈ ಅಭ್ಯಾಸ ಮಾಡಿದವರ ವಿದ್ಯಾರ್ಥಿಗಳಲ್ಲಿ ಅದು ಶೇ 4.8. ಸರಿಯಾಗಿ ಅರ್ಧ. ಮಕ್ಕಳು ಅಂಥವರೇ, ಶಾಲೆಗಳೂ ಅವೇ. ಮೇಷ್ಟ್ರು ನೋಡುವ ರೀತಿ ಸ್ವಲ್ಪ ಬದಲಾಗಿತ್ತು, ಅಷ್ಟೆ.

ಕೋಲು ಹೋಯಿತು, ಅದರ ಜಾಗಕ್ಕೆ ಏನು ಬಂತು?

'ಛಡಿ ಛಂ ಛಂ, ವಿದ್ಯೆ ಘಂ ಘಂ' ಅನ್ನುವ ಕಾಲವೊಂದಿತ್ತು. ಅಪ್ಪ ಅಮ್ಮನೇ ಬಂದು, 'ಕಣ್ಣೆರಡು ಬಿಟ್ಟು ಎಲ್ಲಿಗಾದ್ರೂ ಬಿಡಿ ಸಾ' ಎಂದು ಹೇಳಿಹೋಗುತ್ತಿದ್ದರು. ಈಗಲೂ ಹೇಳುವವರಿದ್ದಾರೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಇದಕ್ಕೆ ಕಾನೂನಿನ ತಡೆ ಹಾಕಿತು. ಹೊಡೆಯುವುದಷ್ಟೇ ಅಲ್ಲ, ಮಾನಸಿಕ ಹಿಂಸೆಯೂ ನಿಷಿದ್ಧ. ಬೆಂಚಿನ ಮೇಲೆ ನಿಲ್ಲಿಸುವುದು, ದಡ್ಡ ಎಂದು ಕರೆಯುವುದು, ಅಪ್ಪನ ಕಸುಬು ಎತ್ತಿ ಆಡಿಕೊಳ್ಳುವುದು, ಎಲ್ಲ ಇದರಲ್ಲೇ ಬರುತ್ತದೆ.

ಕಾಯ್ದೆ ಸರಿ. ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಲನ್ನು ಕಿತ್ತುಕೊಂಡ ಮೇಲೆ ಅದರ ಬದಲಿಗೆ ಏನು ಹಿಡಿಯಬೇಕು ಎಂದು ಶಿಕ್ಷಕರಿಗೆ ಗಟ್ಟಿಯಾಗಿ ಯಾರೂ ಕಲಿಸಲಿಲ್ಲ. ಡಿ.ಎಡ್, ಬಿ.ಎಡ್‌ನಲ್ಲಿ ಮನೋವಿಜ್ಞಾನದ ಒಂದು ಪೇಪರ್ ಇರುತ್ತದೆ. ಪಾಠಯೋಜನೆ ಬರೆಯಲು ದಿನಗಟ್ಟಲೆ ಹೋಗುತ್ತದೆ. ಐವತ್ತು ಮಕ್ಕಳಲ್ಲಿ ಇಬ್ಬರು ಹೊಡೆದಾಡಿಕೊಂಡರೆ ಮೊದಲ ಮೂವತ್ತು ಸೆಕೆಂಡಿನಲ್ಲಿ ಏನು ಹೇಳಬೇಕು ಎನ್ನುವುದನ್ನು ಯಾರೂ ಮಾಡಿ ತೋರಿಸುವುದಿಲ್ಲ.

ಹಾಗಾಗಿ ಸ್ಟಾಫ್ ರೂಮಿನಲ್ಲಿ ಈಗ ಒಂದು ಮಾತು ಜಾಸ್ತಿ ಕೇಳುತ್ತದೆ: 'ನಮಗ್ಯಾಕೆ ಬೇಕು ಉಸಾಬರಿ? ಏನಾದ್ರೂ ಅಂದ್ರೆ ವಿಡಿಯೋ, ಕಂಪ್ಲೇಂಟು, ಸಸ್ಪೆಂಡು.' ಹೊಡೆಯುವ ಮೇಷ್ಟ್ರ ಬಗ್ಗೆ ಪೇಪರಿನಲ್ಲಿ ಬರುತ್ತದೆ. ಏನೂ ಕೇಳದೆ, ಏನೂ ಹೇಳದೆ, ಪಾಠ ಓದಿ ಬೆಲ್ ಹೊಡೆದ ಕೂಡಲೇ ಎದ್ದು ಹೋಗುವ ಮೇಷ್ಟ್ರ ಬಗ್ಗೆ ಎಲ್ಲೂ ಬರುವುದಿಲ್ಲ. ಅದು ಸುದ್ದಿಯಾಗುವಂಥದ್ದಲ್ಲ. ಮಗುವಿಗೆ ಮಾತ್ರ ಗೊತ್ತು, ತಾನು ಬಂದರೂ ಒಂದೇ, ಬಿಟ್ಟರೂ ಒಂದೇ ಅಂತ.

ಇನ್ನು ಕೆಲವರು ಫ್ರೆಂಡ್ ಆಗಲು ಹೋಗುತ್ತಾರೆ. ಹೊಸದಾಗಿ ಸೇರಿದ ಹುಡುಗ ಮೇಷ್ಟ್ರುಗಳಲ್ಲಿ ಇದು ಸಾಮಾನ್ಯ. ಹೈಸ್ಕೂಲ್ ಮಕ್ಕಳ ಜೊತೆ ಹೆಗಲ ಮೇಲೆ ಕೈ, ರಾತ್ರಿ ಹತ್ತರ ಮೇಲೂ ಚಾಟ್. ಮಕ್ಕಳಿಗೆ ಫ್ರೆಂಡ್ಸ್ ಬೇಕಾದಷ್ಟು ಇರುತ್ತಾರೆ. ಅವರಿಗೆ ಬೇಕಾಗಿರುವುದು ನಂಬಬಹುದಾದ ಒಬ್ಬ ದೊಡ್ಡವರು. 2012ರ ಪೋಕ್ಸೊ ಕಾಯ್ದೆ ಬಂದ ಮೇಲಂತೂ ಗೆರೆ ಎಲ್ಲಿ ಎನ್ನುವುದು ಇಬ್ಬರಿಗೂ ಗೊತ್ತಿರಬೇಕು. ಒಂಟಿಯಾಗಿ ಮಾತಾಡುವುದಿದ್ದರೂ ನಾಲ್ಕು ಜನಕ್ಕೆ ಕಾಣುವ ಕಡೆ, ಅಂದರೆ ಕಾರಿಡಾರಿನಲ್ಲಿ, ಜಗಲಿಯಲ್ಲಿ. ಫೋನಿನ ಮಾತು ಅಪ್ಪ ಅಮ್ಮನ ನಂಬರಿಗೆ. ಹೀಗೆ ಮಾಡಿದರೆ ಸಲಿಗೆ ಕಡಿಮೆಯಾಗುವುದಿಲ್ಲ. ಇಬ್ಬರಿಗೂ ನಿರಾಳ.

ಮೊಟ್ಟೆ, ಸಮೀಕ್ಷೆ, ಸ್ಯಾಟ್ಸ್

ಈಗ ಪುರುಸೊತ್ತಿನ ಮಾತಿಗೆ ಬರೋಣ. ಒಂದು ಕಿರಿಯ ಪ್ರಾಥಮಿಕ ಶಾಲೆ ಅಂದುಕೊಳ್ಳಿ. ಒಂದರಿಂದ ಐದನೇ ಕ್ಲಾಸು, ಒಟ್ಟು ಇಪ್ಪತ್ತೆಂಟು ಮಕ್ಕಳು. ಕಾಯ್ದೆಯ ಪ್ರಕಾರ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬರು ಶಿಕ್ಷಕರು ಎನ್ನುವುದು ಅಳತೆ. ಕನಿಷ್ಠ ಇಬ್ಬರು ಇರಬೇಕು ಎಂದೂ ಇದೆ. ಆದರೆ ಒಬ್ಬರೇ ಇರುವ ಶಾಲೆಗಳು ನಮ್ಮಲ್ಲಿ ಸಾವಿರಾರು. ಕಾಗದದಲ್ಲಿ 28 ಮಕ್ಕಳಿಗೆ ಒಬ್ಬರು, ನೋಡಲು ಚೆನ್ನಾಗಿಯೇ ಇದೆ. ನಿಜದಲ್ಲಿ ಆ ಒಬ್ಬರೇ ಐದು ಕ್ಲಾಸಿನ ಟೀಚರ್, ಅವರೇ ಮುಖ್ಯ ಶಿಕ್ಷಕರು, ಅವರೇ ಗುಮಾಸ್ತರು.

ಬೆಳಿಗ್ಗೆ ಬಂದ ಕೂಡಲೇ ಹಾಲು. ಕ್ಷೀರಭಾಗ್ಯ 2013ರಿಂದ ಇದೆ, ಒಳ್ಳೆಯ ಯೋಜನೆ. ಆಮೇಲೆ ಅಕ್ಷರ ದಾಸೋಹದ ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕ. ಮೊಟ್ಟೆ ತರಬೇಕು, ಬೇಯಿಸಿದ್ದನ್ನು ಎಣಿಸಬೇಕು, ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಟ್ಟು ಅದನ್ನೂ ಬರೆದಿಡಬೇಕು. ಮಕ್ಕಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬಬೇಕು. ನೆಟ್‌ವರ್ಕ್ ಸಿಗದಿದ್ದರೆ ಮೊಬೈಲ್ ಹಿಡಿದು ಗುಡ್ಡ ಹತ್ತಬೇಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 'ಅತಿ ತುರ್ತು, ಇಂದೇ ಮಧ್ಯಾಹ್ನ 2ರ ಒಳಗೆ' ಎಂದು ಒಂದು ನಮೂನೆ ಬರುತ್ತದೆ. ನಾಳೆ ಅದೇ ಮಾಹಿತಿ ಬೇರೆ ನಮೂನೆಯಲ್ಲಿ. ಇದರ ಜೊತೆಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸವೂ ಇದ್ದರೆ ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗಬೇಕು.

ಮಕ್ಕಳಿಗೆ ಹಾಲು, ಮೊಟ್ಟೆ ಬೇಕೇ ಬೇಕು. ತಟ್ಟೆಗೆ ಬಡಿಸುವಾಗ ಎಷ್ಟೋ ಮಾತು ತಾನಾಗಿ ಬರುತ್ತದೆ. ಮೇಲೆ ಹೇಳಿದ ಹುಡುಗನ ಕತೆ ಹೊರಬಂದದ್ದೂ ಊಟದ ಸಾಲಿನಲ್ಲೇ. ತೊಂದರೆ ಇರುವುದು ಊಟದಲ್ಲಿ ಅಲ್ಲ, ಊಟದ ರಿಜಿಸ್ಟರಿನಲ್ಲಿ. ಬಡಿಸುವ ಹೊತ್ತಿಗೆ ಮೇಷ್ಟ್ರು ಮೊಬೈಲಿನಲ್ಲಿ ಫೋಟೋ ಹಾಕುತ್ತಾ ನಿಂತಿದ್ದರೆ ಆ ಹುಡುಗ ಯಾರ ಹತ್ತಿರ ಹೇಳಬೇಕು?

2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಅದನ್ನು ಮಾಡಿದವರಲ್ಲಿ ಹೆಚ್ಚಿನವರು ಶಿಕ್ಷಕರು. ದಸರಾ ರಜೆಯಲ್ಲಿ ಮುಗಿಯಬೇಕಿತ್ತು, ಮುಗಿಯಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಕಿತ್ತೋ ಬೇಡವೋ ಎನ್ನುವುದು ಬೇರೆ ಚರ್ಚೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಅದರಲ್ಲಿ ಮೂರು ವಿನಾಯಿತಿ ಇವೆ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಈ ಸಮೀಕ್ಷೆ ಆ ಮೂರರಲ್ಲಿ ಯಾವುದು ಎಂದು ಮಕ್ಕಳ ಪರವಾಗಿ ಕೇಳಿದವರು ಬಹಳ ಕಡಿಮೆ. ಈಗ 2027ರ ಜನಗಣತಿ ಬೇರೆ ಇದೆ. ಅದು ವಿನಾಯಿತಿಯಲ್ಲಿ ಇರುವುದೇ, ಹಾಗಾಗಿ ತಕರಾರು ಹೇಳುವಂತಿಲ್ಲ.

ಹೈಸ್ಕೂಲಿನ ಲೆಕ್ಕ ಬೇರೆ. ಅಲ್ಲಿ ವಿಷಯಕ್ಕೊಬ್ಬ ಶಿಕ್ಷಕರು. ಒಂದು ಪಿರಿಯಡ್ ನಲವತ್ತು ನಿಮಿಷ. ಹಾಜರಿಗೆ ಐದು ನಿಮಿಷ ಹೋದರೆ ಉಳಿಯುವುದು ಮೂವತ್ತೈದು. ಕ್ಲಾಸಿನಲ್ಲಿ ಐವತ್ತು ಮಕ್ಕಳು. ಪಾಠ ಪೂರ್ತಿ ಬಿಟ್ಟು ಬರೀ ಮಾತಾಡಿಸುತ್ತಾ ಕೂತರೂ ಒಬ್ಬರಿಗೆ ಒಂದು ನಿಮಿಷ ಬರುವುದಿಲ್ಲ. ಐದು ಸೆಕ್ಷನ್ನಿಗೆ ಪಾಠ ಮಾಡುವವರಿಗೆ ಇನ್ನೂರೈವತ್ತು ಹೆಸರು. 'ಏಯ್, ಆ ಮೂರನೇ ಬೆಂಚು, ಕೊನೇಲಿ ಕೂತಿರೋನು' ಎಂದು ಕರೆಯುವುದು ಸೊಕ್ಕಿನಿಂದಲ್ಲ. ಹೆಸರು ಗೊತ್ತಿಲ್ಲ, ಅಷ್ಟೆ.

ಹೆಸರು ಕಲಿಯುವುದೇ ಮೊದಲ ಕೆಲಸ ಎಂದು ನಾನು ನಂಬಿದ್ದೇನೆ. ನನಗೆ ಪರಿಚಯದ ಒಬ್ಬ ವಿಜ್ಞಾನದ ಮೇಡಂ ಇದ್ದಾರೆ. ಜೂನ್ ತಿಂಗಳಲ್ಲಿ ನೋಟ್ ಪುಸ್ತಕ ವಾಪಸ್ ಕೊಡುವುದನ್ನು ಕ್ಲಾಸ್ ಲೀಡರಿಗೆ ಬಿಡುವುದಿಲ್ಲ. ತಾವೇ ಒಂದೊಂದಾಗಿ ಹೆಸರು ಕೂಗಿ, ಕೈಗೆ ಕೊಟ್ಟು, ಒಂದು ಮಾತು ಹೇಳುತ್ತಾರೆ. 'ಚಿತ್ರ ಚೆನ್ನಾಗಿ ಬರೀತೀಯ ಕಣೇ', 'ಇವನು ನೋಡು, ಮಾರ್ಜಿನ್ನೇ ಹಾಕಲ್ಲ', ಅಷ್ಟೇ. ಜುಲೈ ಹೊತ್ತಿಗೆ ಅವರಿಗೆ ಎಲ್ಲರ ಹೆಸರೂ ಬರುತ್ತದೆ. ಯಾರು ಎಡಗೈಯಲ್ಲಿ ಬರೆಯುತ್ತಾರೆ, ಯಾರಿಗೆ ಬೋರ್ಡು ಕಾಣುವುದಿಲ್ಲ ಎನ್ನುವುದೂ ಅದರಲ್ಲೇ ತಿಳಿಯುತ್ತದೆ.

ಹೊರದೇಶದ ಶಿಕ್ಷಕರ ತರಬೇತಿಗಳಲ್ಲಿ 'ಎರಡು ನಿಮಿಷ, ಹತ್ತು ದಿನ' ಎನ್ನುವ ಒಂದು ಉಪಾಯ ಹೇಳಿಕೊಡುತ್ತಾರೆ. ಕ್ಲಾಸಿನಲ್ಲಿ ಅತಿ ತಂಟೆಕೋರ ಮಗುವನ್ನು ಆರಿಸಿಕೊಂಡು, ದಿನಕ್ಕೆ ಎರಡು ನಿಮಿಷದಂತೆ ಹತ್ತು ದಿನ, ಓದಿನ ಮಾತು ಬಿಟ್ಟು ಬೇರೆ ಏನಾದರೂ ಮಾತಾಡುವುದು. ಕಬಡ್ಡಿ, ಮನೆಯ ಎಮ್ಮೆ, ಜಾತ್ರೆ, ಏನಾದರೂ ಸರಿ. ನಮ್ಮಲ್ಲಿ ಇದನ್ನು ಯಾರೂ ಹೇಳಿಕೊಡದೆ ಮಾಡುವ ಮೇಷ್ಟ್ರುಗಳು ಬಹಳ ಜನ ಇದ್ದಾರೆ. ಆದರೆ ಆ ಎರಡು ನಿಮಿಷ ಸಿಗುವುದು ಮೇಷ್ಟ್ರು ಮೈದಾನದಲ್ಲಿ ಇದ್ದಾಗ. ಸ್ಯಾಟ್ಸ್ ಮುಂದೆ ಕೂತಿರುವಾಗ ಅಲ್ಲ.

ಬರುವ ವರ್ಷ ಯಾರು ಇರುತ್ತಾರೆ?

ಅಮೆರಿಕದ ನಾರ್ತ್ ಕೆರೊಲಿನಾದ ಪ್ರಾಥಮಿಕ ಶಾಲೆಗಳ ಅಂಕಿ ಅಂಶ ಇಟ್ಟುಕೊಂಡು 2018ರಲ್ಲಿ ಒಂದು ಅಧ್ಯಯನ ಬಂತು. ಅದೇ ಮಕ್ಕಳಿಗೆ ಎರಡನೇ ವರ್ಷವೂ ಅದೇ ಟೀಚರ್ ಸಿಕ್ಕರೆ ಏನಾಗುತ್ತದೆ ಎಂದು ನೋಡಿದರು. ಅಂಕಗಳು ಸ್ವಲ್ಪ ಏರಿದವು. ಗಳಿಕೆ ದೊಡ್ಡದೇನಲ್ಲ. ಆದರೆ ಒಂದು ರೂಪಾಯಿ ಖರ್ಚಿಲ್ಲದ ಗಳಿಕೆ. ಅಲ್ಲಿನ ಅಲ್ಪಸಂಖ್ಯಾತ ಮಕ್ಕಳಿಗೆ ಲಾಭ ಇನ್ನೂ ಹೆಚ್ಚು.

ನಮಗೆ ಇದು ಹೊಸದಲ್ಲ. ನಲಿ-ಕಲಿ ಇರುವುದೇ ಹಾಗೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿವ್ಯಾಲಿಯ ಪದ್ಧತಿ ನೋಡಿ ಬಂದ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ಕಾರ್ಡು, ಏಣಿ, ತಟ್ಟೆ ಎಂದು ಕಟ್ಟಿದ ಕ್ರಮ ಇದು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಟೀಚರ್ ಕುರ್ಚಿ ಬಿಟ್ಟು ಚಾಪೆಗೆ ಇಳಿಯುತ್ತಾರೆ. ಒಂದೊಂದು ಮಗು ತನ್ನ ಮೆಟ್ಟಿಲಲ್ಲಿ ತಾನು ಹತ್ತುತ್ತದೆ. ಮೂರು ವರ್ಷ ಅದೇ ಟೀಚರ್. ನಲಿ-ಕಲಿಯ ಮೇಲೆ ಟೀಕೆಗಳೂ ಇವೆ. ಕಾರ್ಡು ಹರಿದರೆ ಹೊಸದು ಬರುವುದಿಲ್ಲ, ಓದು ಗಟ್ಟಿಯಾಗುವುದಿಲ್ಲ, ಇತ್ಯಾದಿ. ಅವುಗಳಲ್ಲಿ ಹುರುಳಿದೆ. ಆದರೆ ನಾಲ್ಕನೇ ಕ್ಲಾಸಿಗೆ ಹೋದ ಮೇಲೂ ಮಕ್ಕಳು ನಲಿ-ಕಲಿ ಟೀಚರ್ ಹತ್ತಿರವೇ ಓಡುವುದನ್ನು ಯಾವ ಶಾಲೆಯಲ್ಲಾದರೂ ನೋಡಬಹುದು.

ಈ ಮೂರು ವರ್ಷವನ್ನು ಕತ್ತರಿಸುವುದು ವರ್ಗಾವಣೆ. ಶಿಕ್ಷಕರ ವರ್ಗಾವಣೆಗೆ ನಮ್ಮಲ್ಲಿ 2007ರಿಂದ ಪ್ರತ್ಯೇಕ ಕಾಯ್ದೆ ಇದೆ, 2020ರಲ್ಲಿ ಹೊಸದು ಬಂತು. ಶಿಕ್ಷಕರೇ ಎಲ್ಲರೆದುರು ಜಾಗ ಆರಿಸಿಕೊಳ್ಳುವ ಕೌನ್ಸೆಲಿಂಗ್ ಬಂದದ್ದರಿಂದ ವಶೀಲಿ ಕಡಿಮೆಯಾಯಿತು, ಅದು ದೊಡ್ಡ ಮಾತು. ಗಂಡ ಒಂದು ಜಿಲ್ಲೆ, ಹೆಂಡತಿ ಒಂದು ಜಿಲ್ಲೆ ಎಂದು ಹತ್ತು ವರ್ಷ ಕಳೆದವರಿಗೆ ವರ್ಗಾವಣೆ ಬೇಡ ಅನ್ನುವುದಕ್ಕೆ ನಾವ್ಯಾರು? ಆದರೆ ಅದು ಬೇಸಿಗೆ ರಜೆಯಲ್ಲಿ ಮುಗಿಯುವುದು ಅಪರೂಪ. ಶಾಲೆ ಶುರುವಾಗಿ ಮಕ್ಕಳು ಹೊಂದಿಕೊಳ್ಳುವ ಹೊತ್ತಿಗೆ ಆದೇಶ ಕೈಗೆ ಬರುತ್ತದೆ. ಕಲ್ಯಾಣ ಕರ್ನಾಟಕದಿಂದ ಹೊರಗೆ ಹೋಗುವವರು ಹೆಚ್ಚು, ಬರುವವರು ಕಡಿಮೆ. ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರು.

ಅತಿಥಿ ಶಿಕ್ಷಕರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. 2025-26ರ ಬಜೆಟ್‌ನಲ್ಲಿ ಅವರ ಗೌರವಧನಕ್ಕೆ 2,000 ರೂಪಾಯಿ ಸೇರಿಸಿದ ಮೇಲೂ ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ ಸಿಗುವುದು 12,000. ಅದೂ ತಿಂಗಳು ತಿಂಗಳು ಬರುತ್ತದೆ ಎನ್ನುವಂತಿಲ್ಲ. ಇವರಲ್ಲಿ ಹೆಚ್ಚಿನವರು ಅದೇ ಊರಿನವರು ಅಥವಾ ಪಕ್ಕದ ಊರಿನವರು. ಮಕ್ಕಳ ಮನೆ ಗೊತ್ತು, ಅಜ್ಜಿ ಗೊತ್ತು, ಯಾರ ಅಪ್ಪ ಸಂಜೆ ಕುಡಿದು ಬರುತ್ತಾನೆ ಎನ್ನುವುದೂ ಗೊತ್ತು. ಸಂಬಂಧ ಕಟ್ಟಲು ಇವರಷ್ಟು ಅನುಕೂಲ ಯಾರಿಗೂ ಇಲ್ಲ. ಆದರೆ ಮಾರ್ಚ್, ಏಪ್ರಿಲಿಗೆ ಅವರ ಕೆಲಸ ಮುಗಿಯುತ್ತದೆ. ಜೂನ್‌ನಲ್ಲಿ ಮತ್ತೆ ಅರ್ಜಿ, ಮತ್ತೆ ಮೆರಿಟ್ ಪಟ್ಟಿ. ಕಾಯಂ ಶಿಕ್ಷಕರು ಬಂದರೆ ವರ್ಷದ ನಡುವೆಯೇ ಮನೆಗೆ. ಒಂದು ವರ್ಷಪೂರ್ತಿ ದುಡಿದು ಮಕ್ಕಳ ನಂಬಿಕೆ ಗಳಿಸಿದವರು ಮುಂದಿನ ವರ್ಷ ಅದೇ ಶಾಲೆಗೆ ಬರುತ್ತಾರೋ ಇಲ್ಲವೋ ಎನ್ನುವುದು ಯಾರಿಗೂ ಗೊತ್ತಿರುವುದಿಲ್ಲ.

ಖಾಸಗಿ ಶಾಲೆಗಳೇನೂ ಇದಕ್ಕೆ ಹೊರತಲ್ಲ. ಸಣ್ಣ ಊರಿನ ಕಾನ್ವೆಂಟುಗಳಲ್ಲಿ ಮಿಸ್‌ಗಳ ಸಂಬಳ ಅತಿಥಿ ಶಿಕ್ಷಕರಿಗಿಂತ ಕಡಿಮೆ ಇರುವುದೂ ಉಂಟು. ವರ್ಷಕ್ಕೊಬ್ಬರು ಬದಲಾಗುತ್ತಾರೆ. ಫೀಸು ಕೊಡುವ ಅಪ್ಪ ಅಮ್ಮ ಗಿರಾಕಿಗಳು. ಆ್ಯಪ್‌ನಲ್ಲಿ ದಿನಾ ಹೋಮ್‌ವರ್ಕ್ ಬರುತ್ತದೆ, ಮಗುವಿನ ಬಗ್ಗೆ ಒಂದು ಮಾತೂ ಬರುವುದಿಲ್ಲ.

ಎಲ್ಲ ಮಕ್ಕಳಿಗೂ ಒಂದೇ ಮೇಷ್ಟ್ರಾ?

'ನಮ್ಮ ಮೇಷ್ಟ್ರು ದೇವರಂಥವರು' ಎಂದು ನೆನೆಯುವವರನ್ನು ಗಮನಿಸಿ. ಬಹಳಷ್ಟು ಮಂದಿ ಮುಂದಿನ ಬೆಂಚಿನವರು. ಚೆನ್ನಾಗಿ ಓದುತ್ತಿದ್ದವರು, ಅಚ್ಚುಕಟ್ಟಾಗಿ ಬರುತ್ತಿದ್ದವರು, ಮೇಷ್ಟ್ರ ಮನೆಗೆ ಹಾಲು ಮೊಸರು ಕೊಟ್ಟುಬರುತ್ತಿದ್ದವರು. ಅದೇ ಕ್ಲಾಸಿನಲ್ಲಿ ಕಸ ಗುಡಿಸಲು ಯಾರನ್ನು ಕರೆಯುತ್ತಿದ್ದರು ಎಂದು ಕೇಳಿದರೆ ಬೇರೆ ಕತೆ ಸಿಗುತ್ತದೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ಬಂತು. ಕೇಸಾಯಿತು, ಅಮಾನತಾಯಿತು, ಬಂಧನವೂ ಆಯಿತು. ಅದು ಅತಿರೇಕದ ಘಟನೆ ಎಂದು ಪಕ್ಕಕ್ಕೆ ಇಡಬಹುದು. ದಿನನಿತ್ಯದ ಸಣ್ಣ ತಾರತಮ್ಯ ಅಷ್ಟು ಸುಲಭವಾಗಿ ಕಾಣುವುದಿಲ್ಲ.

ರೇಮಾ ಹನ್ನಾ ಮತ್ತು ಲೀ ಲಿಂಡೆನ್ ಎಂಬ ಸಂಶೋಧಕರು ಭಾರತದಲ್ಲೇ ಒಂದು ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ಜಾತಿ, ವಯಸ್ಸು, ಗಂಡೋ ಹೆಣ್ಣೋ ಎನ್ನುವುದನ್ನು ಮನಬಂದಂತೆ ಬದಲಿಸಿ ಹಾಕಿ ಶಿಕ್ಷಕರಿಗೆ ತಿದ್ದಲು ಕೊಟ್ಟರು. ಅದೇ ಉತ್ತರಕ್ಕೆ ಕೆಳಜಾತಿ ಎಂದು ಬರೆದಿದ್ದಾಗ ಅಂಕ ತುಸು ಕಡಿಮೆ ಬಂತು. ವ್ಯತ್ಯಾಸ ಚಿಕ್ಕದು, ಆದರೆ ಇತ್ತು. ಹಾಗೆ ತಿದ್ದಿದವರಲ್ಲಿ ಎಷ್ಟೋ ಜನ ಒಳ್ಳೆಯ ಮನುಷ್ಯರೇ ಇದ್ದಿರಬೇಕು. 'ನಾನು ಎಲ್ಲರನ್ನೂ ಒಂದೇ ಥರ ನೋಡ್ತೀನಿ' ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು ಎನ್ನುವುದಕ್ಕೆ ಇಷ್ಟು ಸಾಕು. ಇಂದು ಯಾರನ್ನು ಪ್ರಶ್ನೆ ಕೇಳಿದೆ, ಯಾರನ್ನು ಬೋರ್ಡಿಗೆ ಕರೆದೆ, ಯಾರ ಹೆಸರೇ ಬಾಯಿಗೆ ಬರಲಿಲ್ಲ ಎಂದು ವಾರಕ್ಕೊಮ್ಮೆ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಗುರುತು ಹಾಕಿದರೆ ಗೊತ್ತಾಗುತ್ತದೆ.

ಭಾಷೆಯದ್ದೂ ಇದೇ ಕತೆ. ತಾಂಡಾದ ಮಗು ಒಂದನೇ ಕ್ಲಾಸಿಗೆ ಬರುವಾಗ ಅದರ ಬಾಯಲ್ಲಿ ಇರುವುದು ಲಂಬಾಣಿ. ಗಡಿಯಲ್ಲಿ ತೆಲುಗು, ಮರಾಠಿ. ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿ. ಟೀಚರ್ ಹೇಳಿದ್ದು ಅರ್ಥವಾಗದೆ ಸುಮ್ಮನೆ ಕೂತ ಮಗುವನ್ನು 'ಇದಕ್ಕೆ ತಲೆಗೆ ಹತ್ತಲ್ಲ' ಎಂದು ಬಿಡುವುದು ಬಹಳ ಸುಲಭ. ಅದೇ ಟೀಚರ್ 'ಯಾಡಿ ಎಲ್ಲಿಗೆ ಹೋಗಿದಾಳೆ?' ಎಂದು ಅದರ ಮಾತಿನಲ್ಲೇ ಅಮ್ಮನನ್ನು ವಿಚಾರಿಸಿದರೆ ಸಾಕು, ಮಗುವಿಗೆ ಬಾಯಿ ಬರುತ್ತದೆ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಮನೆಗಳ ಮಕ್ಕಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಇರುವುದಿಲ್ಲ. ವಾಪಸ್ ಬಂದಾಗ ಮೊದಲ ಮಾತು 'ಎಲ್ಲೋ ಸತ್ತಿದ್ದೆ ಇಷ್ಟು ದಿನ?' ಎನ್ನುವುದೋ, 'ಬಂದ್ಯಾ, ನಿನ್ನ ಪುಸ್ತಕ ಇಲ್ಲೇ ಇಟ್ಟಿದೀನಿ' ಎನ್ನುವುದೋ, ಅದರ ಮೇಲೆ ಆ ಮಗು ಮರುದಿನ ಬರುತ್ತದಾ ಇಲ್ಲವಾ ಎನ್ನುವುದು ನಿಂತಿದೆ.

ವಠಾರದಲ್ಲಿ ಕಂಡದ್ದು

ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು. ಮಕ್ಕಳು ಶಾಲೆಗೆ ಬರುವಂತಿಲ್ಲ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಬೇಕು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನ, ಯಾರದೋ ಕಣ. ಸೋಂಕು ಹರಡಿತೆಂದು ಅಕ್ಟೋಬರ್‌ನಲ್ಲಿ ನಿಲ್ಲಿಸಿದರು, 2021ರ ಜನವರಿಯಲ್ಲಿ ಮತ್ತೆ ಆರಂಭಿಸಿದರು. ಅದರಲ್ಲಿ ತಪ್ಪುಗಳಾದವು, ಶಿಕ್ಷಕರೂ ಮಕ್ಕಳೂ ಕಾಯಿಲೆ ಬಿದ್ದರು. ಅದನ್ನು ಮರೆಯಬಾರದು.

ಆದರೆ ಹತ್ತಾರು ವರ್ಷ ಅದೇ ಶಾಲೆಗೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಎಷ್ಟೋ ಶಿಕ್ಷಕರು ತಮ್ಮ ಮಕ್ಕಳ ಮನೆ ನೋಡಿದ್ದು ಆಗಲೇ. ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಮೇಕೆ ಮರಿ. ಹೋಮ್‌ವರ್ಕ್ ಯಾಕೆ ಮಾಡಲ್ಲ ಎಂದು ವರ್ಷಗಟ್ಟಲೆ ಬೈದ ಹುಡುಗಿಗೆ ಕೂತು ಬರೆಯಲು ಜಾಗವೇ ಇಲ್ಲ ಎಂದು ಗೊತ್ತಾಯಿತು. ಆ ಮೇಲೆ ಕೆಲವು ಶಾಲೆಗಳಲ್ಲಿ ಬರೆಯುವ ಕೆಲಸವನ್ನು ಕೊನೆಯ ಪಿರಿಯಡ್ಡಿನಲ್ಲೇ ಮುಗಿಸಿ ಕಳಿಸುವ ರೂಢಿ ಬಂತು. ಶಾಲೆ ತೆರೆದ ಮೇಲೆ ಮನೆ ಭೇಟಿ ನಿಂತುಹೋಯಿತು. ಈಗ ಮನೆಗೆ ಹೋಗುವುದು ಮಗು ಶಾಲೆ ಬಿಟ್ಟಾಗ, ಇಲ್ಲವೇ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ.

ಎಸ್ಸೆಸ್ಸೆಲ್ಸಿ ಎಂದೆನಲ್ಲ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ, ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಕೃಪಾಂಕ ಹೆಚ್ಚಿಸಿದರೂ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಶೇ 66.14. ಅಲ್ಲಿಂದ ಒತ್ತಡ ಕೆಳಕ್ಕೆ ಹರಿಯಿತು: ಮಂತ್ರಿಯಿಂದ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರಿಗೆ (ಡಿಡಿಪಿಐ), ಅಲ್ಲಿಂದ ಬಿಇಒಗೆ, ಮುಖ್ಯ ಶಿಕ್ಷಕರಿಗೆ, ವಿಷಯ ಶಿಕ್ಷಕರಿಗೆ. ಪಾಸಿಂಗ್ ಪ್ಯಾಕೇಜ್, ಸಂಜೆ ಕ್ಲಾಸು, ಹಿಂದುಳಿದವರನ್ನು ಶಿಕ್ಷಕರಿಗೆ ದತ್ತು ಹಂಚುವುದು, ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುವುದು. ಈ ದತ್ತು ಪದ್ಧತಿಯನ್ನು ನಾನು ಆಡಿಕೊಳ್ಳುವುದಿಲ್ಲ. ಐದಾರು ಮಕ್ಕಳನ್ನು ಒಬ್ಬ ಶಿಕ್ಷಕರಿಗೆ ಒಪ್ಪಿಸುವುದು ಒಳ್ಳೆಯ ಯೋಚನೆಯೇ. ಆದರೆ ಹತ್ತನೇ ಕ್ಲಾಸಿನ ಡಿಸೆಂಬರ್‌ನಲ್ಲಿ ಒಪ್ಪಿಸಿದರೆ ಆ ಹುಡುಗನಿಗೆ ಕಾಣುವುದು ಫಲಿತಾಂಶಕ್ಕಾಗಿ ಬೆನ್ನುಬಿದ್ದ ಮೇಷ್ಟ್ರು ಮಾತ್ರ. ಎಂಟನೇ ಕ್ಲಾಸಿನ ಜೂನ್‌ನಲ್ಲೇ ಒಪ್ಪಿಸಿ, ಮೂರು ವರ್ಷ ಅದೇ ಶಿಕ್ಷಕರ ಕೈಗೆ ಬಿಟ್ಟು, ಅಂಕದ ಪಟ್ಟಿ ಕೇಳದೆ ಇದ್ದರೆ ಅದೇ ಪದ್ಧತಿ ಬೇರೆ ಥರ ಕೆಲಸ ಮಾಡುತ್ತದೆ.

ಇಲಾಖೆ ಮಾಡಬಹುದಾದ ಕೆಲವು ಕೆಲಸಕ್ಕೆ ಹೊಸ ದುಡ್ಡು ಬೇಕಿಲ್ಲ. ನಾಲ್ಕು, ಐದನೇ ಕ್ಲಾಸಿಗೂ ಅದೇ ಕ್ಲಾಸ್ ಟೀಚರನ್ನು ಎರಡು ವರ್ಷ ಮುಂದುವರಿಸಲು ಮುಖ್ಯ ಶಿಕ್ಷಕರಿಗೆ ಹೇಳಬಹುದು. ವರ್ಗಾವಣೆ ಆದೇಶ ಯಾವಾಗ ಬಂದರೂ ಬಿಡುಗಡೆ ಏಪ್ರಿಲ್‌ನಲ್ಲಿ ಎಂದು ನಿಯಮ ಮಾಡಬಹುದು. ಹಿಂದಿನ ವರ್ಷ ಅದೇ ಶಾಲೆಯಲ್ಲಿ ದುಡಿದ ಅತಿಥಿ ಶಿಕ್ಷಕರಿಗೆ ಮೆರಿಟ್ ಪಟ್ಟಿಯಲ್ಲಿ ಒಂದಷ್ಟು ಅಂಕ ಕೊಡಬಹುದು. ದುಡ್ಡು ಬೇಕಾದದ್ದು ಒಂದಕ್ಕೆ: ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರಿಗೆ ಒಬ್ಬರಾದರೂ ಗುಮಾಸ್ತರು, ಆ ಊಟದ ಲೆಕ್ಕ, ಸ್ಯಾಟ್ಸ್, ತುರ್ತು ನಮೂನೆಗಳನ್ನು ನೋಡಿಕೊಳ್ಳಲು.

ಊರಿನವರ ಕೈಯಲ್ಲೂ ಇದೆ. 2001ರಿಂದ ನಮ್ಮ ಶಾಲೆಗಳಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಅದರ ಸಭೆಯಲ್ಲಿ ಮಾತು ಹೆಚ್ಚಾಗಿ ಕಾಂಪೌಂಡು, ಶೌಚಾಲಯ, ಬಣ್ಣದ ಸುತ್ತ ಸುತ್ತುತ್ತದೆ. ಕಳೆದ ತಿಂಗಳು ನಮ್ಮ ಮೇಷ್ಟ್ರು ಎಷ್ಟು ದಿನ ಶಾಲೆಯಿಂದ ಹೊರಗಿದ್ದರು, ಯಾವ ಕೆಲಸಕ್ಕೆ, ಯಾರ ಆದೇಶದ ಮೇಲೆ ಎನ್ನುವುದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿಯನ್ನು ಬಿಇಒಗೆ ಕಳಿಸಲು ಸಮಿತಿಯನ್ನು ಯಾರೂ ತಡೆಯುವುದಿಲ್ಲ. ಮೇಷ್ಟ್ರ ಮೇಲೆ ದೂರು ಅಂತಲ್ಲ, ಮೇಷ್ಟ್ರ ಪರವಾಗಿ. ಸಭೆಗೆ ಬಂದ ಅಪ್ಪ ಅಮ್ಮಂದಿರು ಅದೇ ದಿನ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: 'ನನ್ನ ಮಗು ಕ್ಲಾಸಲ್ಲಿ ಮಾತಾಡುತ್ತಾ ಸಾರ್?' ಅಂಕ ಎಷ್ಟು ಎಂದು ಆಮೇಲೆ ಕೇಳಿದರಾಯಿತು.